ಎಡಗೈ ಬಿಡದ ರೇಯಾಲ್

ಮೇಕಪ್ ಮಾಡುವ ಹುಡುಗಿ ರೇಯಾಲ್ ಲಾಶಪೆಲ್‌ನ ಎಡಗೆನ್ನೆಯ ಗಾಯದ ಗುರುತನ್ನು ಬಣ್ಣ ಬಳಿದು ಮುಚ್ಚಿದಳು. ಆಮೇಲೆ ಬಲಗೆನ್ನೆಯ ಮೇಲೆ ರಬ್ಬರಿನ ಗಾಯವೊಂದನ್ನು ಅಂಟಿಸಿದಳು. ಚಿತ್ರಕಥೆಯಲ್ಲಿ ಗಾಯ ಇದ್ದದ್ದು ಬಲಕ್ಕೆ. ಎಡಗಡೆಯದು ನಿಜವಾದದ್ದು, ಹುಡುಗನಾಗಿದ್ದಾಗ ಎದುರಾಳಿಯ ಹಾಕಿ ಕೋಲು ತಗುಲಿ ಆದದ್ದು ಎಂದು ಅವನು ಹೇಳಲಿಲ್ಲ. ಅದನ್ನೇ ಇಟ್ಟುಕೊಂಡರೆ ಎಲ್ಲರಿಗೂ ಕೆಲಸ ಉಳಿಯುತ್ತದೆ ಎಂದೂ ಹೇಳಲಿಲ್ಲ. ಕನ್ನಡಿ ನೋಡಿಕೊಂಡು, ಹಳೆಯದಕ್ಕಿಂತ ಇದೇ ಚೆನ್ನಾಗಿದೆ ಎಂದು ಹೊಗಳಿ, ಸ್ಕೇಟಿನ ದಾರ ಬಿಗಿಯಲು ಬಗ್ಗಿದ.

ಕೆನಡಾದ ನಮ್ಮ ಗಣಿ ಊರು ಸಡ್ಬರಿಗೆ ಚಿತ್ರೀಕರಣಕ್ಕೆ ಬರುವವರಿಗೆ ರೇಯಾಲ್ ಬೇಕಾಗುವುದು ಈ ಗುಣಕ್ಕಾಗಿಯೇ. ಗಡ್ಡ ಬಿಡು ಎಂದರೆ ಬಿಡುತ್ತಾನೆ, ಬೋಳಿಸು ಎಂದರೆ ಬೋಳಿಸುತ್ತಾನೆ. ಮಾತಿನಲ್ಲಿ ಫ್ರೆಂಚ್ ವಾಸನೆ ಕಡಿಮೆ ಮಾಡು ಎಂದ ನಿರ್ದೇಶಕನಿಗೂ, ಮುಂದಿನ ತಿಂಗಳೇ ಅದನ್ನು ಜಾಸ್ತಿ ಮಾಡು ಎಂದ ಇನ್ನೊಬ್ಬನಿಗೂ ತಲೆಯಾಡಿಸಿದ್ದ. ಇಪ್ಪತ್ತು ವರ್ಷಗಳಿಂದ ಅವನು ತೆರೆಯ ಮೇಲಿದ್ದಾನೆ. ಎರಡನೇ ಪೊಲೀಸ್, ಬಾರಿನಲ್ಲಿ ಕುಡಿಯುವವನು, ಜೈಲಿನ ಕಾವಲುಗಾರ, ಕಾಡಿನಲ್ಲಿ ಹೆಣ ಕಾಣುವ ಲಾರಿ ಚಾಲಕ. ಯಾರಿಗೂ ಹೆಸರಿಲ್ಲ.

ಅದಕ್ಕೂ ಮೊದಲು ಅವನದು ಮಂಜುಗಡ್ಡೆಯ ಮೇಲಿನ ಬದುಕು. ಅಪ್ಪ ನಿಕಲ್ ಗಣಿಯಲ್ಲಿ ಕೆಲಸಕ್ಕಿದ್ದ. ಮಗ ಹಿತ್ತಲಲ್ಲಿ ನೀರು ಹಾಯಿಸಿ ಹೆಪ್ಪುಗಟ್ಟಿಸಿದ ಅಂಗಳದಲ್ಲಿ ಐಸ್ ಹಾಕಿ ಕಲಿತ. ಚೆಂದವಾಗಿ ಗೋಲು ಹೊಡೆಯುವ ಕೈ ಅವನದಾಗಿರಲಿಲ್ಲ. ತಂಡದಲ್ಲಿ ಗೋಲು ಹೊಡೆಯುವವರ ಮೈಮುಟ್ಟಿದವರನ್ನು ವಿಚಾರಿಸಿಕೊಳ್ಳುವ ಕೆಲಸ ಅವನಿಗೆ ಬಂತು. ಕೈಗವಸು ಬಿಸಾಡಿ ಗುದ್ದಾಡುವ ಕೆಲಸ; ಈ ಆಟದಲ್ಲಿ ತಂಡಕ್ಕೊಬ್ಬ ಅಂಥವನಿರುತ್ತಾನೆ. ಸಣ್ಣ ಲೀಗುಗಳ ತಂಡಗಳ ಜೊತೆ ಬಸ್ಸಿನಲ್ಲಿ ಊರೂರು ಸುತ್ತಿದ. ಭುಜ ಕೀಲು ತಪ್ಪಿದ ಮೇಲೆ ಊರಿಗೆ ಮರಳಿ, ರಸ್ತೆಯ ಹಿಮ ತಳ್ಳುವ ವಾಹನ ಓಡಿಸಿದ; ಆ ಕೆಲಸ ಈಗಲೂ ಇದೆ. ಅವನ ಮದುವೆಗೆ ಬಂದವರಲ್ಲಿ ಇಬ್ಬರ ಮೂಗನ್ನು ಹಿಂದೆ ಆಟದಲ್ಲಿ ಅವನೇ ಮುರಿದಿದ್ದ. ಇಬ್ಬರೂ ಕಂಠಪೂರ್ತಿ ಕುಡಿದು ಚೆನ್ನಾಗಿ ಕುಣಿದರು ಎಂದು ಹೆಂಡತಿ ಐಲಾ ಈಗಲೂ ಹೇಳುತ್ತಾಳೆ. ಮುಂದೆ ಯಾವುದೋ ಚಿತ್ರತಂಡಕ್ಕೆ ಹಾಕಿ ಅಂಗಳದ ಸುತ್ತಲಿನ ಹಲಗೆಗೋಡೆಗೆ ಅಪ್ಪಳಿಸಿಕೊಳ್ಳಲು ಒಂದು ದೇಹ ಬೇಕಾಯಿತು. ನಟನೆ ಶುರುವಾದದ್ದು ಹೀಗೆ.

ಈ ಸಲದ ಪಾತ್ರಕ್ಕೆ ಹೆಸರಿತ್ತು: ಬಕ್. ಎಪ್ಪತ್ತರ ದಶಕದ ಕಥೆ. ಬಕ್ ಮುದಿಯಾಗುತ್ತಿರುವ ಗುದ್ದಾಟಗಾರ. ಕೊನೆಗೆ ಆಸ್ಪತ್ರೆಯ ಹಜಾರದಲ್ಲಿ ನಿಂತು ಒಂದಿಡೀ ಪುಟ ಮಾತಾಡುತ್ತಾನೆ. ಆ ಪುಟವನ್ನು ರೇಯಾಲ್ ಚಳಿಗಾಲವಿಡೀ ತನ್ನ ಗ್ಯಾರೇಜಿನಲ್ಲಿ ಐಲಾಳ ಎದುರು ಒಪ್ಪಿಸಿದ್ದ. ಅಷ್ಟು ಮಾತು ಅವನಿಗೆ ಯಾರೂ ಯಾವತ್ತೂ ಕೊಟ್ಟಿರಲಿಲ್ಲ.

ಆ ಬೆಳಿಗ್ಗೆಯ ದೃಶ್ಯ ಸರಳವಾಗಿತ್ತು. ಬಕ್ ಎದುರು ತಂಡದ ಹುಡುಗನನ್ನು ಗುದ್ದುತ್ತಾನೆ. ಹುಡುಗ ಹಿಂದಕ್ಕೆ ಬೀಳುತ್ತಾನೆ, ತಲೆ ಮಂಜುಗಡ್ಡೆಗೆ ಬಡಿಯುತ್ತದೆ. ಬಕ್ ತಿರುಗಿ ನೋಡದೆ ಜಾರಿಹೋಗುತ್ತಾನೆ. ಹುಡುಗನ ಆಟದ ಬದುಕು ಅಲ್ಲಿಗೆ ಮುಗಿಯುತ್ತದೆ. ಚಿತ್ರದ ಉಳಿದರ್ಧ ನಿಂತಿರುವುದು ಆ ಬೀಳುವಿಕೆಯ ಮೇಲೆ. ಬೀಳುವ ಜಾಗದಲ್ಲಿ ಬಿಳಿ ಬಣ್ಣದ ಮೆತ್ತೆ ಹುದುಗಿಸಿದ್ದರು. ಹುಡುಗನ ಪಾತ್ರದಲ್ಲಿದ್ದವನು ಟೊರಾಂಟೊದ ಕೋಲ್ಬಿ, ಸ್ಕೇಟಿಂಗನ್ನು ಈ ಚಿತ್ರಕ್ಕೆಂದೇ ಕಲಿತವನು.

ಕ್ಯಾಮೆರಾ ಓಡಿತು. ರೇಯಾಲ್‌ನ ಬಲಗೈ ಕೋಲ್ಬಿಯ ಕೆನ್ನೆಯ ಪಕ್ಕದಲ್ಲಿ ಹಾದುಹೋಯಿತು. ಕೋಲ್ಬಿ ಹಿಂದಕ್ಕೆ ವಾಲಿದ. ರೇಯಾಲ್‌ನ ಎಡಗೈ ಅವನ ಅಂಗಿಯ ಕೊರಳಪಟ್ಟಿಯನ್ನು ಮುಷ್ಟಿಯಲ್ಲಿ ಹಿಡಿದು, ಅವನನ್ನು ಮೆಲ್ಲಗೆ ಕೆಳಗಿಳಿಸಿತು.

ನಿರ್ದೇಶಕಿ ಕ್ಲೇರ್ ಹ್ಯಾಲೋರನ್, ಚೆನ್ನಾಗಿತ್ತು, ಆದರೆ ಕೈ ಬಿಡಬೇಕು ಎಂದಳು. ರೇಯಾಲ್ ಕ್ಷಮೆ ಕೇಳಿದ. ಎರಡನೇ ಸಲವೂ ಅದೇ ಆಯಿತು. ಹಳೆ ಕಾಲದ ಕೋಟು ತೊಟ್ಟು ಪ್ರೇಕ್ಷಕರಾಗಿ ಕೂತಿದ್ದವರೆಲ್ಲ ನಮ್ಮೂರಿನವರೇ, ಅರ್ಧ ಜನ ಅವನ ಜೊತೆ ಆಡಿದವರು. ಮೇಲಿನ ಸಾಲಿನಿಂದ ಹಳೆಯ ಜೊತೆಗಾರ ಓರೆಸ್ಟ್, ಆಟದ ದಿನಗಳ ಅಡ್ಡಹೆಸರು ಹಿಡಿದು ಕೂಗಿದ:

"ಲ್ಯಾಶಿ, ಮಗೂನ ಮಲಗಿಸ್ತಾ ಇದೀಯೇನೋ? ಹೊದಿಕೆ ತಂದ್ಕೊಡ್ಲಾ?"

ಸಾಲುಗಳೆಲ್ಲ ನಕ್ಕವು. ಕೋಲ್ಬಿ ಎದ್ದು ಅಂಗಿ ಕೊಡವಿಕೊಂಡ. "ಬಿಟ್ಬಿಡಿ ರೇಯಾಲ್, ಕೆಳಗೆ ಮೆತ್ತೆ ಇದೆಯಲ್ಲ."

"ಅದು ನನಗೆ ಗೊತ್ತು. ಕೈಗೆ ಗೊತ್ತಿಲ್ಲ."

ಇಲ್ಲಿ ಗುದ್ದಾಟ ಕಲಿಯುವವನಿಗೆ ಮೊದಲು ಕಲಿಸುವುದು ಎಡಗೈಯನ್ನು. ಬಲಗೈ ಹೊಡೆಯಲು, ಎಡಗೈ ಹಿಡಿಯಲು. ಎದುರಿನವನ ಕಾಲು ಕುಸಿದರೆ ಹೊಡೆತ ನಿಲ್ಲುತ್ತದೆ, ಹಿಡಿತ ನಿಲ್ಲುವುದಿಲ್ಲ. ರೆಫರಿಗಳು ಬರುವವರೆಗೆ ಅವನ ತಲೆ ನಿನ್ನ ಜವಾಬ್ದಾರಿ. ಯಾವ ನಿಯಮದ ಪುಸ್ತಕದಲ್ಲೂ ಇದಿಲ್ಲ.

ಮೂರನೇ ಸಲವೂ ಅವನು ಹಿಡಿದುಕೊಂಡ. ಕ್ಲೇರ್ ಊಟಕ್ಕೆ ಬಿಟ್ಟಳು.

ಐಲಾಳೂ ಕೋಟು ತೊಟ್ಟು ಸಾಲಿನಲ್ಲಿ ಕೂತಿದ್ದಳು. ಬಟಾಣಿ ಸೂಪಿನ ಬಟ್ಟಲು ಹಿಡಿದು ಗಂಡನ ಪಕ್ಕಕ್ಕೆ ಬಂದಳು. ಕೈಗೆ ಏನಾಗಿದೆ ಎಂದು ಕೇಳಿದಳು.

ರೇಯಾಲ್ ಬ್ರೆಡ್ಡು ಮುರಿಯುತ್ತಾ ಹೇಳಿದ: "ಮೊದಲೆರಡು ಸಲ ಅಭ್ಯಾಸಬಲ. ಮೂರನೇ ಸಲ ಬೆರಳು ಬಿಚ್ಚಿಕೊಳ್ತಾ ಇತ್ತು. ನಾನೇ ಮುಚ್ಚಿದೆ."

"ಅಂದ್ರೆ ಬೇಕಂತಲೇ."

"ಹೂಂ."

ಐಲಾ ಸೂಪು ಮುಗಿಸಿದಳು. ಹಾಗಿದ್ದರೆ ಆ ಹೆಂಗಸಿಗೆ ನೆಟ್ಟಗೆ ಹೋಗಿ ಹೇಳು, ಅವಳಾದರೂ ಸುಮ್ಮನೆ ಯಾಕೆ ಕಾಯಬೇಕು ಎಂದಳು.

ಕ್ಲೇರ್ ಕೆಟ್ಟವಳಲ್ಲ. ಹಲವು ವರ್ಷ ಈ ಚಿತ್ರದ ಹಿಂದೆ ಅಲೆದವಳು, ಬಕ್‌ನ ಪಾತ್ರಕ್ಕೆ ಹೆಸರಾಂತ ನಟರನ್ನು ಬಿಟ್ಟು ರೇಯಾಲ್‌ನನ್ನು ಪಟ್ಟು ಹಿಡಿದು ಆರಿಸಿಕೊಂಡವಳು. ರೇಯಾಲ್ ಬಂದು ತಾನು ಕೈ ಬಿಡುವುದಿಲ್ಲ ಎಂದಾಗ ಅವಳು ಅವನನ್ನು ಆಟಗಾರರ ಬೆಂಚಿನ ಮೇಲೆ ಕೂರಿಸಿಕೊಂಡು, ತಗ್ಗಿದ ದನಿಯಲ್ಲಿ ಕೇಳಿದಳು:

"ಹಿಂದೆ ಏನೋ ಆಗಿರ್ಬೇಕು ಅಲ್ವಾ? ನೀವು ಕೈ ಬಿಟ್ಟು ಯಾರಿಗಾದ್ರೂ ಏಟಾಗಿತ್ತಾ?"

"ಇಲ್ಲ."

"ಹೇಳೋಕೆ ಕಷ್ಟ ಆದ್ರೆ ಬೇಡ."

"ಕಷ್ಟ ಏನಿಲ್ಲ. ನಾನು ಯಾವತ್ತೂ ಕೈ ಬಿಟ್ಟಿಲ್ಲ. ಅದಕ್ಕೇ ಏನೂ ಆಗಿಲ್ಲ."

ಇದು ಸಿನಿಮಾ, ಬಕ್ ಕೆಟ್ಟವನು, ಅದನ್ನು ತೋರಿಸುವುದೇ ಈ ದೃಶ್ಯದ ಕೆಲಸ ಎಂದು ಅವಳು ವಿವರಿಸಿದಳು. ರೇಯಾಲ್ ಒಪ್ಪಿದ. ಅವನು ತೆರೆಯ ಮೇಲೆ ಕೊಲೆ ಮಾಡಿದ್ದಾನೆ, ಮುದುಕಿಯ ಮನೆಗೆ ಬೆಂಕಿ ಇಟ್ಟಿದ್ದಾನೆ, ಒಮ್ಮೆಯೂ ಚಕಾರ ಎತ್ತಿರಲಿಲ್ಲ.

"ಬಕ್ ಕೆಟ್ಟವನೇ. ಹಲ್ಲು ಉದುರಿಸ್ತಾನೆ, ಕಣ್ಣಿಗೆ ಬೆರಳು ಹಾಕ್ತಾನೆ, ಮಾಡ್ತೀನಿ ಕೊಡಿ. ಆದ್ರೆ ಕೈ ಬಿಡೋನು ಆಗಿದ್ರೆ ಅವನ ತಂಡದೋರೇ ಅವನ ಜೊತೆ ಬಸ್ಸಲ್ಲಿ ಕೂರ್ತಿರ್ಲಿಲ್ಲ. ಅವನು ಇಷ್ಟು ವರ್ಷ ಆಡಿದಾನೆ ಅಂತ ನೀವೇ ಬರ್ದಿದೀರಿ."

"ನೋಡೋ ಜನಕ್ಕೆ ಇದೆಲ್ಲ ಗೊತ್ತಾಗಲ್ಲ ರೇಯಾಲ್."

ಅವನು ಮೇಲಿನ ಸಾಲುಗಳತ್ತ ಗದ್ದ ಎತ್ತಿದ. "ಇವರಿಗೆ ಗೊತ್ತಾಗುತ್ತೆ. ಹಿಮ ಬಿದ್ದಾಗ ಗಾಡಿ ತಗೊಂಡು ನಾನು ಇವರ ಬೀದೀಲೇ ಓಡಾಡ್ಬೇಕು."

ಸಹಾಯಕ ನಿರ್ದೇಶಕ ಇನ್ನೊಂದು ದಾರಿ ಹುಡುಕಿದ. ಬೆನ್ನು ಮಾತ್ರ ಕಾಣುವಂತೆ ಬೇರೆಯವರಿಂದ ಆ ಕ್ಷಣವನ್ನು ಮಾಡಿಸಬಹುದು. ಸ್ಕೇಟ್ ಮಾಡುವವರಲ್ಲಿ ಯಾರು ಬಕ್‌ನ ಅಂಗಿ ತೊಡುತ್ತೀರಿ ಎಂದು ಕೇಳಿದ. ಒಬ್ಬನಿಗೆ ಇದ್ದಕ್ಕಿದ್ದಂತೆ ಮೊಣಕಾಲು ನೋವು ಬಂತು. ಇನ್ನೊಬ್ಬ ಕಾಫಿ ತರಲು ಎದ್ದ. ಬೆಳಿಗ್ಗೆ ಗೇಲಿ ಮಾಡಿದ್ದ ಓರೆಸ್ಟ್, ತನ್ನ ತಾಯಿ ಇನ್ನೂ ಬದುಕಿದ್ದಾಳೆ, ಸಿನಿಮಾಕ್ಕೂ ಹೋಗುತ್ತಾಳೆ ಎಂದು ನೆವ ಹೇಳಿದ. ಟೊರಾಂಟೊದಿಂದ ಸಾಹಸ ಕಲಾವಿದನನ್ನು ಕರೆಸುತ್ತೇವೆ ಎಂದಾಗ ರೇಯಾಲ್‌ನೇ ಎದ್ದು ನಿಂತ. ಬೆನ್ನು ಯಾರದೇ ಇರಲಿ, ಮುಂದಿನ ಚೌಕಟ್ಟಿನಲ್ಲಿರುವುದು ತನ್ನ ಮುಖ. ಹಾಗೆ ಮಾಡಿದರೆ ತಾನು ಆ ಮುಖ ಕೊಡುವುದಿಲ್ಲ ಎಂದ.

ಕ್ಲೇರ್ ಟೋಪಿ ತೆಗೆದು ಪಕ್ಕಕ್ಕಿಟ್ಟಳು. ಚಿತ್ರೀಕರಣ ಶುರುವಾಗಿ ಕೆಲವೇ ದಿನವಾಗಿದೆ, ಈಗಲಾದರೆ ಪಾತ್ರದ ನಟನನ್ನು ಬದಲಾಯಿಸಬಹುದು, ಆಮೇಲೆ ಆಗುವುದಿಲ್ಲ ಎಂದಳು. ಬೆದರಿಕೆಯ ದನಿ ಅದರಲ್ಲಿರಲಿಲ್ಲ. ಆಸ್ಪತ್ರೆಯ ಆ ಪುಟವನ್ನು ಅವನಂತೆ ಇನ್ನೊಬ್ಬ ಹೇಳಲಾರ ಎಂದೂ ಸೇರಿಸಿದಳು.

"ಹೇಳ್ಬೇಕು ಅಂತ ನನಗೂ ತುಂಬಾ ಆಸೆ ಇತ್ತು," ಎಂದ ರೇಯಾಲ್. "ಬದಲಾಯಿಸಿ."

ಅವನು ಬಟ್ಟೆ ಕೋಣೆಗೆ ಹೋಗಿ ಬಕ್‌ನ ಅಂಗಿಯನ್ನು ಮಡಚಿ ಕೊಟ್ಟ. ಮನೆಗೆ ಹೋಗುವಾಗ ಕಾರು ಓಡಿಸಿದವಳು ಐಲಾ. ಆ ಪುಟ ತನಗೂ ಬಾಯಿಪಾಠವಾಗಿದೆ, ಪಾತ್ರ ಖಾಲಿ ಇದ್ದರೆ ತನಗೇ ಕೊಡಲಿ ಎಂದು ಅವಳು ಅಂದಳು. ಬಕ್‌ನ ಮೀಸೆ ಮಾತ್ರ ನಿನಗೆ ಒಪ್ಪುವುದಿಲ್ಲ ಎಂದ ರೇಯಾಲ್.

ಬಕ್‌ನ ಪಾತ್ರ ಈಗ ಹ್ಯಾಮಿಲ್ಟನ್ನಿನ ನಟನೊಬ್ಬನಿಗೆ ಹೋಗಿದೆ. ಆ ದೃಶ್ಯವನ್ನು ಸೋಮವಾರ ಮತ್ತೆ ತೆಗೆಯುತ್ತಾರೆ. ನಮ್ಮೂರಿನವರು ಒಲ್ಲೆ ಎಂದದ್ದರಿಂದ ಪ್ರೇಕ್ಷಕರ ಸಾಲುಗಳಿಗೆ ಬೇರೆ ಊರಿನಿಂದ ಜನ ಬರುತ್ತಾರೆ. ರೇಯಾಲ್ ಬುಧವಾರ ನಾರ್ತ್ ಬೇ ಊರಿಗೆ ಹೋಗುತ್ತಾನೆ. ಅಲ್ಲಿ ಒಂದು ಧಾರಾವಾಹಿಯಲ್ಲಿ ಅವನು ಬಸ್ ಚಾಲಕ. ಚಾಲಕನಿಗೆ ಒಂದೇ ಒಂದು ಮಾತಿದೆ.