ಕಾಪಿ ಅಕ್ಕನ ಮೂರು ಡಿಸ್ಕುಗಳು

ಬೆಳಗಿನ ಆರು ಗಂಟೆ. ಆಸ್ಪತ್ರೆಯ ನೆಲಮಾಳಿಗೆಯಲ್ಲಿ, ಬಟ್ಟೆ ಒಗೆಯುವ ಕೋಣೆಯ ಪಕ್ಕದಲ್ಲಿ, ಒಂಟಿ ಟ್ಯೂಬ್‌ಲೈಟು ಹೊತ್ತಿಕೊಳ್ಳಲೋ ಬೇಡವೋ ಎಂದು ಮೀನಮೇಷ ಎಣಿಸುತ್ತಿದೆ. ಅದು ತೀರ್ಮಾನಕ್ಕೆ ಬರುವಷ್ಟರಲ್ಲಿ ಅಕ್ಕ ಅರ್ಧ ಕೆಲಸ ಮುಗಿಸಿರುತ್ತಾರೆ. ರೋಗಿಗಳ ದಾಖಲೆಗಳೆಲ್ಲ ಕಾಪಿಯಾಗಿರುವ ಇಟ್ಟಿಗೆ ಗಾತ್ರದ ಡಿಸ್ಕೊಂದನ್ನು ದೊಡ್ಡ ಕಂಪ್ಯೂಟರಿನಿಂದ ಕಿತ್ತು ಎದೆಗವಚಿಕೊಂಡು ಬಾಗಿಲಿಗೆ ಬರುತ್ತಾರೆ. ಮೆಟ್ಟಿಲಿಳಿದು ಮೊದಲು ಯಾರು ಬಂದರೂ ಅವರನ್ನು ತಡೆದು, ಒಂದು ಸಂಖ್ಯೆ ಹೇಳಿ ಎಂದು ಕೇಳುತ್ತಾರೆ. ಇವತ್ತು ಸಿಕ್ಕವರು ಹಾಸಿಗೆ ಬಟ್ಟೆ ತರುವ ಹೆಂಗಸು. ನಾಲ್ಕು ಸಾವಿರದ ಹನ್ನೆರಡು ಎಂದು ಹೇಳಿ ನಗುತ್ತಾ ಮುಂದೆ ಹೋಗುತ್ತಾರೆ.

ಆ ಸಂಖ್ಯೆಯ ರೋಗಿಯ ದಾಖಲೆಯನ್ನು ಅಕ್ಕ ಡಿಸ್ಕಿನಿಂದ ತೆಗೆದು, ಮೂಲೆಯಲ್ಲಿರುವ ಇನ್ನೊಂದು ಹಳೇ ಕಂಪ್ಯೂಟರಿನಲ್ಲಿ ಓದುತ್ತಾರೆ. ಆ ಕಂಪ್ಯೂಟರಿಗೆ ಹೊರಜಗತ್ತಿನ ಯಾವ ಸಂಪರ್ಕವೂ ಇಲ್ಲ. ಹೆಸರಿನಿಂದ ಹಿಡಿದು ಕೊನೆಯ ಮಾತ್ರೆಯವರೆಗೆ ಸರಿಯಿದ್ದರೆ ಮಾತ್ರ ಆ ದಿನದ ಕಾಪಿ ಪಾಸು. "ಕಾಪಿ ತಗೊಂಡಿದೀವಿ ಅಂತ ಎಲ್ರೂ ಹೇಳ್ತಾರೆ. ತೆಗೆದು ನೋಡಿದ್ರಾ ಅಂತ ಕೇಳಿ, ತಲೆ ಕೆರ್ಕೋತಾರೆ," ಎನ್ನುತ್ತಾ ಡಿಸ್ಕನ್ನು ಹಳೆ ಟವೆಲಿನಲ್ಲಿ ಸುತ್ತುತ್ತಾರೆ.

ನರ್ಸುಗಳು ಇಟ್ಟ ಹೆಸರು ಕಾಪಿ ಅಕ್ಕ. ಅಕ್ಕನಿಗೆ ಅದರ ಬಗ್ಗೆ ಬೇಸರವೇನಿಲ್ಲ. ಪರೀಕ್ಷೆಯಲ್ಲಿ ಕಾಪಿ ಹೊಡೆದರೆ ಎಬ್ಬಿಸಿ ಹೊರಗೆ ಕಳಿಸುತ್ತಾರೆ, ನನಗೆ ಕೂರಿಸಿ ಸಂಬಳ ಕೊಡುತ್ತಾರೆ ಎಂಬುದು ಅವರ ಖಾಯಂ ಜೋಕು. ವಯಸ್ಸು ಐವತ್ತೆಂಟು. ಗಂಡ ನಗರ ಸಾರಿಗೆ ಬಸ್ಸಿನ ಚಾಲಕ. ದಿನದ ಮೊದಲ ಬಸ್ಸನ್ನು ಅವರು ಓಡಿಸಿದರೆ, ಹಿಂದಿನ ಸೀಟಿನಲ್ಲಿ ಟಿಕೆಟ್ ತೆಗೆದುಕೊಂಡೇ ಇವರು ಕೂರುತ್ತಾರೆ.

ಲೆಕ್ಕ ಸರಳ. ಡಿಸ್ಕುಗಳು ಮೂರು: ಕೆಂಪು, ನೀಲಿ, ಹಸಿರು. ಒಂದು ದೊಡ್ಡ ಕಂಪ್ಯೂಟರಿನಲ್ಲಿ, ಒಂದು ಪಕ್ಕದ ಕಬ್ಬಿಣದ ಪೆಟ್ಟಿಗೆಯಲ್ಲಿ, ಇನ್ನೊಂದು ರಸ್ತೆಯಾಚೆ ನರ್ಸುಗಳ ಹಾಸ್ಟೆಲಿನ ಬೀರುವಿನಲ್ಲಿ. ದಿನವೂ ಸ್ಥಾನಪಲ್ಲಟ. ಇಲ್ಲಿಗೆ ಬಂದ ಹನ್ನೊಂದು ವರ್ಷದಲ್ಲಿ ಹೋಗಿಬರುತ್ತಾ ಆ ರಸ್ತೆಯನ್ನು ಎಂಟು ಸಾವಿರ ಸಲವಾದರೂ ದಾಟಿರಬೇಕು, ಮಳೆಯಿರಲಿ ಜ್ವರವಿರಲಿ.

ಇಷ್ಟು ಶಿಸ್ತಿನ ಹೆಂಗಸು ಒಂದು ಕಾಲಕ್ಕೆ ತಾವೇ ಕಳ್ಳಗಿಂಡಿಯಲ್ಲಿ ಒಳನುಗ್ಗಿದವರು. ಹ್ಯಾಕರ್ ಎಂದೊಡನೆ ಪತ್ರಿಕೆಯವರಾದ ನಾವು ಮುಸುಕು ಹಾಕಿದ ಆಕೃತಿಯ ಚಿತ್ರ ಅಚ್ಚು ಹಾಕಿ ಕೈತೊಳೆದುಕೊಳ್ಳುತ್ತೇವೆ. ಆದರೆ ಆ ಮಾತು ಚಾಲ್ತಿಗೆ ಬಂದದ್ದು ದಶಕಗಳ ಹಿಂದೆ ವಿದೇಶದಲ್ಲಿ, ಆಟಿಕೆ ರೈಲಿನ ತಂತಿ ಜೋಡಿಸುತ್ತಿದ್ದ ಕಾಲೇಜು ಹುಡುಗರ ಬಾಯಲ್ಲಿ, ಜಾಣ ಕೈಚಳಕ ಎಂಬ ಅರ್ಥದಲ್ಲಿ. ವಾರಕ್ಕೆ ಕೊಟ್ಟ ಕಂಪ್ಯೂಟರ್ ಗಂಟೆಗಳು ಸಾಲದೆ, ಎಲ್ಲರ ಗುಪ್ತಪದಗಳನ್ನು ಮುದ್ರಿಸಿಕೊಂಡ ವಿದ್ಯಾರ್ಥಿಯೊಬ್ಬನಿದ್ದ. ಫೋನಿಗೆ ಸೀಟಿ ಊದಿ, ಆ ಸ್ವರದಿಂದಲೇ ಎಕ್ಸ್‌ಚೇಂಜನ್ನು ಮರುಳು ಮಾಡಿ ದೂರದೂರಿಗೆ ಪುಕ್ಕಟೆ ಮಾತಾಡಿದ ಕುರುಡು ಹುಡುಗನಿದ್ದ. ಹಸಿವು ಹೊಟ್ಟೆಯದಲ್ಲ, ತಲೆಯದು. ಕೇಡಿಗರು ಆಮೇಲೆ ಬಂದರು, ಹಿಂಡುಹಿಂಡಾಗಿ.

ಅಕ್ಕನ ಹಸಿವೂ ಅಂಥದ್ದೇ. ಇಪ್ಪತ್ತನಾಲ್ಕರ ಪ್ರಾಯದಲ್ಲಿ ದೊಡ್ಡ ಕಚೇರಿಯೊಂದರಲ್ಲಿ ಟೈಪಿಸ್ಟ್. ಹೆಂಗಸರು ಅಂಕಿ ಒತ್ತಬೇಕು, ಕಂಪ್ಯೂಟರಿಗೆ ಕೆಲಸ ಹೇಳಿಕೊಡುವವರು ಗಂಡಸರು. ಕಸದಬುಟ್ಟಿಗೆ ಬಿದ್ದ ಪ್ರಿಂಟರ್ ಕಾಗದದಲ್ಲಿ ಮೇಲಧಿಕಾರಿಯ ಗುಪ್ತಪದ ಸಿಕ್ಕಿತು. ಊಟದ ಬಿಡುವಿನಲ್ಲಿ ಅದರಿಂದ ಒಳಹೊಕ್ಕು, ಒಂದು ವಾರ ಹಿಡಿಯುವ ಅಂಕಿ ಕೂಡುವ ಕೆಲಸವನ್ನು ಕಂಪ್ಯೂಟರೇ ಗಂಟೆಯಲ್ಲಿ ಮುಗಿಸುವಂತೆ ಮಾಡಿದರು. ಕೆಲಸ ಬೇಗ ಮುಗಿದದ್ದಕ್ಕೇ ಸಿಕ್ಕಿಬಿದ್ದರು. ಪೊಲೀಸರನ್ನು ಕರೆಯಿರಿ ಎಂದು ಕಚೇರಿಯೆಲ್ಲ ಕೂಗಾಡಿತು. ಮುಖ್ಯ ಇಂಜಿನಿಯರರು ಮಾತ್ರ ತಮ್ಮೆದುರಿನ ಕುರ್ಚಿ ತೋರಿಸಿ, ಹೇಗೆ ಒಳಹೊಕ್ಕೆ ಎಂದು ಕೇಳಿ, ಮೂರು ತಾಸು ಕೂತು ಕೇಳಿಸಿಕೊಂಡರು.

"ಕದ್ದು ಕಲಿತಿದ್ದು ಸಾಕು, ನಾಳೆಯಿಂದ ಕೂತು ಕಲಿ ಅಂದ್ರು. ಅವ್ರು ಈಗಿಲ್ಲ. ನಾನು ತಿನ್ನೋ ಒಂದೊಂದು ತುತ್ತಲ್ಲೂ ಅವ್ರ ಋಣ ಇದೆ," ಎನ್ನುತ್ತಾರೆ ಅಕ್ಕ.

ಆ ವಿದ್ಯೆಯ ಪರೀಕ್ಷೆ ನಡೆದದ್ದು ಕಳೆದ ವರ್ಷ. ಒಂದು ಮುಂಜಾನೆ ಎಂಟಕ್ಕೆ ಆಸ್ಪತ್ರೆಯ ಪರದೆಗಳೆಲ್ಲ ಒಟ್ಟಿಗೆ ಕಪ್ಪಾದವು. ಯಾರೋ ದೂರದಲ್ಲಿ ಕುಳಿತು ಎಲ್ಲ ದಾಖಲೆಗೂ ಬೀಗ ಜಡಿದು, ಕೀಲಿಗೆ ಬೆಲೆ ಕೇಳಿದ್ದರು. ಆಗ ನೂರಾ ಆರು ಮಂದಿಗೆ ವಿಕಿರಣ ಚಿಕಿತ್ಸೆ ನಡೆಯುತ್ತಿತ್ತು. ಅವರಲ್ಲೊಬ್ಬರು ಗಂಟಲಿನ ಗಡ್ಡೆಯ ಟೈಲರ್. ಮೂವತ್ತಮೂರು ಸರದಿಯಲ್ಲಿ ಹತ್ತೊಂಬತ್ತು ಮುಗಿದಿತ್ತು. ವಿಕಿರಣ ಎಲ್ಲಿಗೆ, ಎಷ್ಟು ಎಂಬುದು ದಾಖಲೆಯಲ್ಲಿ ಮಾತ್ರ ಇತ್ತು. ಹೆಚ್ಚಾದರೆ ಸುಡುತ್ತದೆ, ಕಡಿಮೆಯಾದರೆ ರೋಗ ಉಳಿಯುತ್ತದೆ, ಬಹಳ ದಿನ ನಿಲ್ಲಿಸುವಂತೆಯೂ ಇಲ್ಲ.

ದೊಡ್ಡ ಕಂಪ್ಯೂಟರಿನಲ್ಲಿದ್ದ ಕೆಂಪು ಡಿಸ್ಕಿಗೂ ಬೀಗ ಬಿದ್ದಿತ್ತು. ಅಕ್ಕ ಪೆಟ್ಟಿಗೆಯಿಂದ ನೀಲಿಯನ್ನು ತೆಗೆದರು. ಇದಾದರೂ ಚೆನ್ನಾಗಿದೆಯೇ ಎಂದು ನೋಡುವ ಆತುರದಲ್ಲಿ ಮೂಲೆಯ ಕಂಪ್ಯೂಟರು ಮರೆತೇಹೋಯಿತು. ಸೋಂಕು ಹತ್ತಿದ ದೊಡ್ಡ ಕಂಪ್ಯೂಟರಿಗೇ ಅದನ್ನೂ ಚುಚ್ಚಿಬಿಟ್ಟರು. ಕಣ್ಣೆದುರೇ ಕಡತಗಳು ಒಂದೊಂದಾಗಿ ಮುಚ್ಚಿಕೊಂಡವು.

"ಎಲ್ರಿಗೂ ಮಾಡ್ಬೇಡಿ ಅಂತ ಪಾಠ ಹೇಳ್ತಿದ್ದ ತಪ್ಪನ್ನ ನಾನೇ ಮಾಡ್ದೆ. ಮುಚ್ಚಿಡೋಕೆ ಹೋಗ್ಲಿಲ್ಲ, ಅಲ್ಲೇ ನಿಂತು ಹೇಳ್ದೆ."

ಉಳಿದದ್ದು ರಸ್ತೆಯಾಚೆಯ ಹಸಿರೊಂದೇ, ಅದೂ ಎರಡು ದಿನ ಹಳೆಯದು. ಬೇಗ ತನ್ನಿ ಎಂದು ಆಡಳಿತಾಧಿಕಾರಿ ಮೂರು ಸಲ ಹೇಳಿ ಕಳಿಸಿದರು. ಅಕ್ಕ ಜಪ್ಪಯ್ಯ ಅನ್ನಲಿಲ್ಲ. ಹೊಸ ಕಂಪ್ಯೂಟರು ಬಂದು, ಅದು ಶುದ್ಧವೆಂದು ಖಾತ್ರಿಯಾಗುವ ತನಕ ಬೀರುವಿನ ಕೀಲಿ ಅವರ ಮುಷ್ಟಿಯಲ್ಲೇ ಇತ್ತು. ಎರಡನೆಯ ದಿನ ಸಂಜೆ ಹಸಿರು ಡಿಸ್ಕು ತೆರೆದುಕೊಂಡಿತು, ನೂರಾ ಆರು ದಾಖಲೆಗಳೂ ಬಂದವು. ನಡುವಿನ ದಿನಗಳದ್ದನ್ನು ನರ್ಸುಗಳು ತಮ್ಮ ಕೈಬರಹದ ಚೀಟಿಗಳಿಂದ ತುಂಬಿಕೊಟ್ಟರು. ಆ ಚೀಟಿಗಳಿಲ್ಲದಿದ್ದರೆ ನನ್ನ ಡಿಸ್ಕು ಅರ್ಧ ಕುರುಡು ಎನ್ನುತ್ತಾರೆ ಅಕ್ಕ. ಹೊಗಳಿಕೆಯನ್ನು ಹಂಚಿಬಿಡುವುದು ಅವರ ಚಟ.

ರೋಗಿಗಳಿಗೆ ಹೇಳಿದ್ದು ಇಷ್ಟೇ: ಯಂತ್ರ ದುರಸ್ತಿಯಲ್ಲಿದೆ, ಎರಡು ದಿನ ಬಿಟ್ಟು ಬನ್ನಿ. ಟೈಲರ್ ಕೆರಳಿ ದೂರು ಬರೆದರು. ಗಂಟಲಲ್ಲಿ ದನಿಯಿಲ್ಲದ ಸಿಟ್ಟೆಲ್ಲ ಎರಡು ಪುಟದಲ್ಲಿ ಹರಿದಿದೆ. ಇಲ್ಲಿ ಕೆಲಸ ಮಾಡುವವರು ಒಬ್ಬರಾದರೂ ಇದ್ದಾರೆಯೇ ಎಂದು ಕೇಳಿದ್ದಾರೆ. ಉತ್ತರ ಬರೆಯುವ ಸರದಿ ಅಕ್ಕನದ್ದೇ ಆಯಿತು. ತೊಂದರೆಯಾದದ್ದಕ್ಕೆ ಕ್ಷಮಿಸಿ, ಈಗ ಸರಿಹೋಗಿದೆ ಎಂದು ಎರಡು ಸಾಲು ಬರೆದು ಕಳಿಸಿದರು. ಟೈಲರ್ ಮೂವತ್ತಮೂರೂ ಸರದಿ ಮುಗಿಸಿದ್ದಾರೆ. ಗಡ್ಡೆ ಕರಗಿದೆ. ದನಿ ಮಾತ್ರ ಇನ್ನೂ ಪಿಸುಗುಡುತ್ತಿದೆ.

ನಿಜ ಹೇಳಬಾರದಿತ್ತೇ ಎಂದರೆ ಅಕ್ಕ ನಗುತ್ತಾರೆ.

"ಯಾಕೆ ಹೇಳ್ಬೇಕು? ಬೈಯೋಕೆ ಅವ್ರು ಉಳಿದ್ರಲ್ಲ. ಬೇಗ ಗಂಟಲು ಸರಿಹೋಗಿ, ಇಲ್ಲಿಗೇ ಬಂದು ಬಾಯ್ತುಂಬ ಬೈದು ಹೋಗ್ಲಿ. ನಾನು ಕೂತು ಕೇಳಿಸ್ಕೋಬೇಕು, ಅಷ್ಟೇ ಆಸೆ."