ಮೂರು ನಿಮಿಷದ ಮಾತು

ನನ್ನ ಅಡುಗೆಮನೆಯ ಕಿಟಕಿಯ ಬಳಿ ಟೊಮೇಟೊ ಆಕಾರದ ಟೈಮರ್ ಒಂದಿದೆ. ಮೊಟ್ಟೆ ಅರೆಬೇಯಲೆಂದು ಮೂರು ನಿಮಿಷಕ್ಕೆ ತಿರುಗಿಸಿಟ್ಟರೆ, ಇಳಿಬಿಸಿಲಿನಲ್ಲಿ ತೂಕಡಿಸುವ ಮನೆಗೆಲ್ಲ ಅದರ ಟಿಕ್‌ಟಿಕ್ ಹರಡಿ, ನಾನು ನಿಂತಲ್ಲೇ ಎಲ್ಲೋ ಹೋಗಿಬಿಡುತ್ತೇನೆ. ಹೆಚ್ಚಾಗಿ ಹೋಗುವುದು ಟೌನ್‌ಶಿಪ್ ಸಭೆಯ ಆ ಒಂದು ಸಂಜೆಗೆ.

ಬ್ಯಾಂಕುಗಳು ಒಂದರ ಹಿಂದೊಂದು ಮಗುಚಿಕೊಂಡ ಕಾಲವದು. ನ್ಯೂಜೆರ್ಸಿಯ ನಮ್ಮ ಊರಿನಲ್ಲಿ ಕೆಲಸ ಕಳೆದುಕೊಂಡವರು ಟೈ ಕಟ್ಟಿಕೊಂಡೇ ಬಂದು ಲೈಬ್ರರಿಯಲ್ಲಿ ಕೂರುತ್ತಿದ್ದರು. ಶಾಲೆ ಬಿಟ್ಟ ನನ್ನ ಮಗಳು ಝೋಯಾ, ನಾನು ಆಫೀಸಿನಿಂದ ಬರುವವರೆಗೆ, ಅವರ ನಡುವೆ ಕೂತು ಓದುತ್ತಿದ್ದಳು. ಖರ್ಚು ಉಳಿಸಲು ಆ ಲೈಬ್ರರಿಯನ್ನೇ ಮುಚ್ಚುತ್ತಾರೆಂದು ಸುದ್ದಿಯಾಯಿತು. ಇಂಥದನ್ನು ತೀರ್ಮಾನಿಸುವ ಊರಾಡಳಿತದ ಟೌನ್‌ಶಿಪ್ ಸಭೆಯಲ್ಲಿ ಯಾರು ಬೇಕಾದರೂ ಮಾತಾಡಬಹುದು. ಹೆಸರು, ವಿಳಾಸ ಹೇಳಬೇಕು, ಮೂರೇ ನಿಮಿಷ.

“ಹೆಸರು ರೆಕಾರ್ಡ್‌ನಲ್ಲಿ ಉಳಿಯುತ್ತೆ ಕಣೇ. ಗ್ರೀನ್ ಕಾರ್ಡ್ ಇನ್ನೂ ಪೆಂಡಿಂಗ್ ಇದೆ,” ಎಂದರು ನಮ್ಮನೆಯವರು. ವಿಮಾನ ನಿಲ್ದಾಣಗಳಲ್ಲಿ ನಮ್ಮಂಥವರ ಹೆಸರನ್ನು ಎರಡೆರಡು ಸಲ ಓದುತ್ತಿದ್ದ ವರ್ಷಗಳವು. ಅವರ ಭಯ ನನ್ನದೂ ಆಗಿತ್ತು. ಇಲ್ಲಿನ ಕಾನೂನು ಸರ್ಕಾರದ ಕೈಯನ್ನು ಜನರ ಬಾಯಿಂದ ದೂರವಿಟ್ಟಿದೆ. ಎಷ್ಟು ಹೊತ್ತು, ಯಾವ ಸರದಿಯಲ್ಲಿ ಎಂದು ಸಭೆ ಗೆರೆ ಎಳೆಯಬಹುದು, ಹೇಳುವ ಅಭಿಪ್ರಾಯಕ್ಕೆ ಗೆರೆ ಎಳೆಯುವಂತಿಲ್ಲ. ಆದರೆ ನಮ್ಮ ಗಂಟಲನ್ನು ನಾವೇ ಹಿಡಿದುಕೊಂಡರೆ ಯಾವ ಕಾನೂನು ಬಂದು ಬಿಡಿಸೀತು, ನೀವೇ ಹೇಳಿ.

ಅಂತೂ ಝೋಯಾಳನ್ನು ಕರೆದುಕೊಂಡು ಸಭೆಗೆ ಹೋಗಿ, ಸರದಿ ಬಂದಾಗ ಎದ್ದು ನಿಂತೆ. ಆಫೀಸಿನಲ್ಲಿ ಎಲ್ಲರಿಗೂ ಬರೀ ನಾಜ್ ಆಗಿದ್ದವಳು ನಾಜ್ನೀನ್ ಬೇಗಂ ಎಂದು ಪೂರ್ತಿ ಹೆಸರು ಹೇಳಿದೆ. ಆಮೇಲೆ ಕೈಕೊಟ್ಟದ್ದು ಮೈಸೂರಿನ ಸಭೆ ಸಮಾರಂಭಗಳಲ್ಲಿ ಪಳಗಿದ ನಾಲಿಗೆ. ಮೇಜಿನ ಮೇಲಿನ ಫಲಕಗಳನ್ನು ಓದುತ್ತ, ಮೇಯರ್‌ರಿಂದ ಗುಮಾಸ್ತೆಯವರೆಗೆ ಒಬ್ಬೊಬ್ಬ ಗಣ್ಯರನ್ನೂ ಹೆಸರು ಹಿಡಿದು ಸಂಬೋಧಿಸಿ, ಅವಕಾಶ ಕೊಟ್ಟದ್ದಕ್ಕೆ ವಂದಿಸಿ, ನನ್ನ ಇಂಗ್ಲಿಷಿನ ತಪ್ಪುಗಳಿಗೆ ಮೊದಲೇ ಕ್ಷಮೆ ಕೇಳಿ, ಇನ್ನೇನು ವಿಷಯಕ್ಕೆ ಬರಬೇಕು ಎನ್ನುವಾಗ ಮೂರು ನಿಮಿಷ ಮುಗಿದ ಗಂಟೆ ಹೊಡೆಯಿತು. ಸಾರಿಗಿಂತ ಒಗ್ಗರಣೆಯೇ ಹೆಚ್ಚಾಗಿತ್ತು. “ಥ್ಯಾಂಕ್ ಯೂ, ಮ್ಯಾಮ್,” ಎಂದರು ಮೇಯರ್.

ಕಾರಿನಲ್ಲಿ ಝೋಯಾ, “ಅಮ್ಮೀ, ಯೂ ನೆವರ್ ಸೆಡ್ ಇಟ್,” ಎಂದಳು. ನನಗೆ ತುಂಬ ನಾಚಿಕೆಯಾಯಿತು.

ಮುಂದಿನ ಸಭೆಯ ಹೊತ್ತಿಗೆ ಲೈಬ್ರರಿಗೆ ಬೀಗ ಬಿದ್ದಿತ್ತು. ಆದರೂ ಹೋದೆ. ಹೆಸರು ಹೇಳಿ, ವಿಳಾಸ ಹೇಳಿ, “ನನ್ನ ಮಗಳಿಗೆ ಈಗ ಕಾಯಲು ಜಾಗವಿಲ್ಲ, ಬಾಗಿಲು ತೆರೆಯಿರಿ,” ಎಂದಷ್ಟೇ ಇಂಗ್ಲಿಷಿನಲ್ಲಿ ಹೇಳಿದೆ. ಅರ್ಧ ನಿಮಿಷವೂ ಹಿಡಿಯಲಿಲ್ಲ. ಉಳಿದ ಹೊತ್ತು ಕೂರದೆ, ಮಾತಾಡದೆ, ಅವರ ಮುಖಗಳನ್ನೇ ನೋಡುತ್ತ ನಿಂತೆ.

ಈಗಲೂ ಟೊಮೇಟೊ ತಿರುಗಿಸಿಟ್ಟಾಗ ಹಾಗೆಯೇ ನಿಲ್ಲುತ್ತೇನೆ. ಮೂರು ನಿಮಿಷ ಎಷ್ಟು ದೀರ್ಘವೆಂದು ಆಗ ತಿಳಿಯುತ್ತದೆ.