ತೆರೆದಿಟ್ಟ ಎಡಗಿವಿ

ಮೊನ್ನೆ ಕೆ.ಆರ್. ಪೇಟೆಯ ಟ್ರಾಕ್ಟರು ಶೆಡ್ಡಿನಲ್ಲಿ ಮೆಕ್ಯಾನಿಕ್ಕು ಗ್ರೀಸಿನ ಡಬ್ಬದ ಮುಚ್ಚಳ ತೆಗೆದ. ನನ್ನ ಕೆಲಸ ಮುಗಿದಿತ್ತು, ಬಸ್ಸಿಗೂ ಹೊತ್ತಾಗಿತ್ತು. ಆದರೂ ಆ ವಾಸನೆ ಮೂಗಿಗೆ ಬಡಿದ ಮೇಲೆ ಕಾಲು ಕದಲಲಿಲ್ಲ. ಕೆಲವರಿಗೆ ಮಲ್ಲಿಗೆ ಮೂಸಿದರೆ ಹಳೆಯದೆಲ್ಲ ನೆನಪಾಗುತ್ತದಂತೆ, ಕೆಲವರಿಗೆ ಒಗ್ಗರಣೆ. ನನ್ನ ಹಣೆಬರಹ ನೋಡಿ, ನನಗೆ ಗ್ರೀಸು. ಇನ್ನೇನಾದರೂ ಬೇಕಿತ್ತಾ ಗೌಡ್ರೆ ಎಂದು ಅವನು ಎರಡು ಸಲ ಕೂಗಿ ಕೇಳಿದ ಮೇಲೆ, ಏನೂ ಇಲ್ಲ ಎಂದು ಹೊರಟೆ.

ನಾನು ಮಿಲಿಟ್ರಿಯಲ್ಲಿದ್ದವನು, ಅದರಲ್ಲೂ ತೋಪಿನ ಪಡೆಯಲ್ಲಿ. ನಮ್ಮ ಬೂಕನಕೆರೆಯವರು ಅದನ್ನು ಫಿರಂಗಿ ಅನ್ನುತ್ತಾರೆ, ನಾವು ಗನ್ನು ಅನ್ನುತ್ತಿದ್ದೆವು. ನಮ್ಮ ಗನ್ನು ಲಾರಿಯ ಹಿಂದೆ ಕಟ್ಟಿಸಿಕೊಂಡು ಬರುತ್ತಿತ್ತು, ಮನೆಗೆ ಬರಲೊಲ್ಲದ ಎಮ್ಮೆಯ ಹಾಗೆ. ಬಿಚ್ಚಿದ ಮೇಲೆ ಅದರ ಚಾಕರಿಯೆಲ್ಲ ನಮ್ಮದೇ. ದಿನಾ ಗ್ರೀಸು ಬಳಿಯಬೇಕು, ಮರಳಿನಲ್ಲಿ ಹೆಗಲು ಕೊಟ್ಟು ತಳ್ಳಬೇಕು, ಅದರ ಹಿಂಗಾಲು ಊರಲು ಗುಂಡಿ ತೋಡಬೇಕು, ಗುಂಡುಗಳನ್ನು ಕೈಯಿಂದ ಕೈಗೆ ದಾಟಿಸಬೇಕು. ಗುರಿ ಇಡುವುದು ನನ್ನ ಪಾಲಿನ ಕೆಲಸ. ನಳಿಗೆಯ ಎಡಗಡೆ ಕೂತು, ಒಂದು ಗಾಜಿಗೆ ಕಣ್ಣಿಟ್ಟು, ದೂರದಲ್ಲಿ ನೆಟ್ಟ ಕೆಂಪು ಬಿಳಿ ಕೋಲುಗಳಿಗೆ ಗೆರೆ ಕೂಡಿಸಿ, ಚಕ್ರ ತಿರುಗಿಸಿ ನಳಿಗೆಯನ್ನು ಹದಕ್ಕೆ ತರುವುದು. ಗುಂಡು ಹೋಗಿ ಬೀಳುವ ಜಾಗವನ್ನು ನಾನು ಒಮ್ಮೆಯೂ ಕಂಡವನಲ್ಲ, ಅದು ಯಾವಾಗಲೂ ಗುಡ್ಡದ ಆಚೆ. ಇಷ್ಟಾದರೂ ನಮ್ಮ ಗನ್ನನ್ನು ಯಾರಾದರೂ ಹೀಯಾಳಿಸಿದರೆ ನನಗೆ ಮೈಯೆಲ್ಲ ಉರಿಯುತ್ತಿತ್ತು.

ಹೀಯಾಳಿಸುವವರು ಇದ್ದರು. ಪಕ್ಕದ ರೆಜಿಮೆಂಟಿಗೆ ಆಗ ಹೊರದೇಶದಿಂದ ಉದ್ದ ನಳಿಗೆಯ ಹೊಸ ಗನ್ನು ಬಂದಿತ್ತು. ಅದಕ್ಕೆ ತನ್ನದೇ ಪುಟ್ಟ ಎಂಜಿನ್ನು. ಲಾರಿಯಿಂದ ಬಿಚ್ಚಿದರೆ ತನ್ನಷ್ಟಕ್ಕೆ ತಾನೇ ಉರುಳಿಕೊಂಡು ಹೋಗಿ ಜಾಗದಲ್ಲಿ ನಿಲ್ಲುತ್ತಿತ್ತು. ನಾವು ಆರು ಜನ ಏದುಸಿರು ಬಿಡುತ್ತ ನಮ್ಮದನ್ನು ತಳ್ಳುವಾಗ, ಆ ಹುಡುಗರು ಅದರ ಪಕ್ಕದಲ್ಲಿ ಕೈ ಬೀಸಿಕೊಂಡು ನಡೆದು ಬರುತ್ತಿದ್ದರು. ಅವರ ಬೂಟಿನ ಹೊಳಪು ಕೂಡ ಹೋಗುತ್ತಿರಲಿಲ್ಲ. ಹೊಟ್ಟೆಕಿಚ್ಚು ಅಂದರೆ ಏನೆಂದು ನಾನು ಕಲಿತದ್ದು ಅಲ್ಲಿ. ಅವರ ಎಂಜಿನ್ನು ಒಂದು ದಿನ ಕೆಟ್ಟು ನಿಂತಾಗ ನಾನು ಕ್ಯಾಂಟೀನಿನಲ್ಲಿ ಎಲ್ಲರಿಗೂ ಚಹಾ ಕೊಡಿಸಿದೆ. ಮಾರನೆಯ ದಿನ ಅದು ಸರಿಹೋಯಿತು, ಚಹಾ ದಂಡ.

ನನಗೆ ಕೆಲಸ ಕಲಿಸಿದವರು ನಾಗಮಂಗಲದ ಕಡೆಯ ಒಬ್ಬ ಹವಾಲ್ದಾರ್. ಉಸ್ತಾದ್ ಎಂದೇ ಕರೆಯುತ್ತಿದ್ದೆವು. ಗನ್ನಿನ ಹಿಂದೆ ನಿಂತು ಹುಕುಂ ಕೂಗುವವರು ಅವರೇ. ಬೇರೆಯವರ ಮುಂದೆ ಹಿಂದಿ, ನನ್ನೊಬ್ಬನ ಜೊತೆ ಊರ ಮಾತು. ಮೊದಲನೆಯ ದಿನವೇ ಹೇಳಿದರು: "ಬಾಯ್ ತಗ್ದಿರ್ಲಾ. ಬಲಗಿವೀಗೆ ಅತ್ತಿ ಮಡಿಕ್ಕೊ. ಎಡಗಿವಿ ನಂಗ್ ಬುಟ್ಬುಡು."

ಬಾಯಿ ತೆರೆದಿದ್ದರೆ ಸದ್ದಿನ ಹೊಡೆತ ಕಿವಿಗೆ ಕಡಿಮೆ ಎಂಬುದು ಗನ್ನಿನವರೆಲ್ಲರ ನಂಬಿಕೆ. ಈ ಚಾಳಿ ಇನ್ನೂ ಹೋಗಿಲ್ಲ. ದಿಬ್ಬಣದಲ್ಲಿ ಪಟಾಕಿಗೆ ಬೆಂಕಿ ಇಟ್ಟರೆ ಸಾಕು, ನನ್ನ ಬಾಯಿ ತಾನಾಗಿ ತೆರೆದುಕೊಳ್ಳುತ್ತದೆ. ನೆಂಟರಿಷ್ಟರ ಮದುವೆ ಫೋಟೋಗಳಲ್ಲೆಲ್ಲ ನಾನು ಪಂಕ್ತಿಯಲ್ಲಿ ಜಾಗ ಸಿಗದವನ ಹಾಗೆ ಬಾಯಿ ಬಿಟ್ಟುಕೊಂಡೇ ನಿಂತಿದ್ದೇನೆ. ಇನ್ನು ಎಡಗಿವಿಯ ವಿಷಯ. ಅದಕ್ಕೂ ಹತ್ತಿ ಇಟ್ಟರೆ ಹುಕುಂ ಕೇಳಿಸುವುದಿಲ್ಲ. ಒಂದು ಅಂಕಿ ತಪ್ಪಾಗಿ ಕೇಳಿಸಿದರೂ ಗುಂಡು ನಮ್ಮವರ ಮೇಲೆಯೇ ಬೀಳಬಹುದು. ಆದ್ದರಿಂದ ಗುರಿ ಇಡುವವನು ಒಂದು ಕಿವಿಯನ್ನು ತೆರೆದೇ ಇಡಬೇಕು. ಹಾಗೆಂದು ಯಾರೂ ಬರೆದಿಟ್ಟಿರಲಿಲ್ಲ, ಎಲ್ಲರೂ ಹಾಗೇ ಮಾಡುತ್ತಿದ್ದರು. ಎಡಗಿವಿ ಸರ್ವೀಸಿನಲ್ಲಿರುವಾಗಲೇ ಪೂರ್ತಿ ಹೋಯಿತು. ಹತ್ತಿ ಇಟ್ಟಿದ್ದ ಬಲಗಿವಿ, ಕೂಗಿದರೆ ಮಾತ್ರ ಓಗೊಡುತ್ತದೆ. ಮಿಷಿನ್ನು ಹಾಕಿಸಿಕೊಳ್ಳಬಾರದೇ ಎಂದು ನೀವು ಕೇಳುತ್ತೀರಿ. ಹಾಕಿಸಿಕೊಂಡೆ. ಅದರಲ್ಲಿ ಕುಕ್ಕರಿನ ಸೀಟಿ ಚೆನ್ನಾಗಿ ಕೇಳುತ್ತದೆ, ಮನುಷ್ಯರ ಮಾತು ಮಾತ್ರ ತಗಡಿನ ಮೇಲೆ ಜಲ್ಲಿ ಸುರಿದ ಹಾಗೆ. ಈಗ ಅದು ಗೂಡಿನಲ್ಲಿದೆ.

ಶ್ರೀರಂಗಪಟ್ಟಣಕ್ಕೆ ಹೋದಾಗ ನೋಡಿದ್ದೇನೆ, ಸುಲ್ತಾನರ ಕಾಲದ ತೋಪಿನ ಮುಂದೆ ಜನ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ. ನಮ್ಮ ಗನ್ನಿಗೆ ಆ ಭಾಗ್ಯವೂ ಇಲ್ಲ. ಯುದ್ಧಕ್ಕೆ ಹಳತಾಯಿತು, ಪ್ರದರ್ಶನಕ್ಕೆ ಇನ್ನೂ ಹೊಸತು. ಸುಲ್ತಾನರ ಆ ತುಕ್ಕು ಹಿಡಿದ ಕಬ್ಬಿಣದ ಮೇಲೂ ನನಗೆ ಹೊಟ್ಟೆ ಉರಿಯಿತೆಂದರೆ ನನ್ನ ಸ್ವಭಾವ ಎಂಥದ್ದೆಂದು ನೀವೇ ಊಹಿಸಿ.

ಊರಿನಲ್ಲಿ ಮಾತ್ರ ನನ್ನ ಗನ್ನಿಗೆ ಮರ್ಯಾದೆಯಿತ್ತು. ಸಂಜೆ ಡೈರಿಗೆ ಹಾಲು ತಂದವರು ಕ್ಯಾನು ಕೆಳಗಿಟ್ಟು ನನ್ನ ಕಥೆ ಕೇಳುತ್ತಿದ್ದರು. ಅದಕ್ಕೂ ಕಲ್ಲು ಬಿತ್ತು. ಪಕ್ಕದ ಮನೆಯ ಪುಟ್ಟಸ್ವಾಮಿ ತನ್ನ ಮಗಳು ರೂಪಳನ್ನು ಕೊಟ್ಟಿರುವುದು ಬಾಬುರಾಯನಕೊಪ್ಪಲಿನ ಮಂಜುಗೆ. ಈ ಮಂಜುವೂ ತೋಪಿನ ಪಡೆಯವನೇ, ಆದರೆ ಈಗಿನವನು. ರಜೆಗೆಂದು ಮಾವನ ಮನೆಗೆ ಬಂದವನು ಮೊನ್ನೆ ಜಗಲಿಯಲ್ಲಿ ಕೂತು ಮೊಬೈಲಿನಲ್ಲಿ ತನ್ನ ಗನ್ನು ತೋರಿಸತೊಡಗಿದ. ಡೈರಿಯ ಮುಂದಿದ್ದ ಜನವೆಲ್ಲ ಜಗಲಿಗೆ ಬಂದರು. ಗ್ರೀಸಿನ ವಾಸನೆ ಹೊತ್ತು ಪೇಟೆಯಿಂದ ಬಂದ ನಾನೂ ಬರದೆ ಏನು ಮಾಡಲಿ?

ಅವನದು ಗನ್ನಲ್ಲ, ಮನೆ. ಟ್ಯಾಂಕಿನ ಹಾಗೆ ಪಟ್ಟಿಯ ಮೇಲೆ ಓಡುತ್ತದೆ, ಒಳಗೆ ಎಲ್ಲರಿಗೂ ಕುರ್ಚಿ. ದಿಕ್ಕು, ಎತ್ತರ ಎಲ್ಲ ಕಂಪ್ಯೂಟರಿನ ಲೆಕ್ಕ. ಹೊಡೆದ ಕೂಡಲೇ ಜಾಗ ಖಾಲಿ ಮಾಡಿ ಬೇರೆ ಕಡೆ ಹೋಗಿರುತ್ತದೆ. ಕಂಪ್ಯೂಟರು ಕೆಟ್ಟರೆ ಏನು ಮಾಡುತ್ತೀರಿ ಎಂದು ಕೇಳಿದೆ. ಇವನು ತಡವರಿಸಲಿ ಎಂದೇ ಕೇಳಿದ್ದು. ಕೈಯಲ್ಲಿ ಮಾಡುವುದನ್ನೂ ಕಲಿಸಿದ್ದಾರೆ, ನಿಮ್ಮ ಥರವೇ ಎಂದ. ಆ ವಿನಯಕ್ಕೆ ನನಗೆ ಇನ್ನೂ ಉರಿಯಿತು. ಆಮೇಲೆ ತಲೆಗೆ ಹಾಕುವ ಹೆಲ್ಮೆಟ್ಟು ತೋರಿಸಿ, ನನ್ನ ಬಲಗಿವಿಯ ಹತ್ತಿರ ಬಂದು ಗಟ್ಟಿಯಾಗಿ ಹೇಳಿದ: "ಇದಾಕಂಡ್ರೆ ಗನ್ನಿನ್ ಸದ್ದೇ ಬರಕಿಲ್ಲ ಮಾವ. ಆರ್ಡರ್ ಮಾತ್ರ ಕಿವಿ ಒಳಗೇ ಕೇಳ್ತದೆ."

ನಾನು ಚೆನ್ನಾಗಿದೆ ಕಣಪ್ಪ ಎಂದೆ. ಕಿವಿ ಮುಚ್ಚಿಕೊಂಡೇ ಹುಕುಂ ಕೇಳಬಹುದು ಎನ್ನುವುದು ನಮ್ಮ ಕಾಲದ ಯಾವ ಜಾಣನ ತಲೆಗೂ ಹೊಳೆದಿರಲಿಲ್ಲ.

ಅಷ್ಟರಲ್ಲಿ ರೂಪ ಒಳಬಾಗಿಲಿಗೆ ಬಂದಳು. ಜಗಲಿಯಲ್ಲಿ ಹತ್ತಾರು ಜನ, ಗಲಾಟೆ. ಅವಳ ತುಟಿ ಸ್ವಲ್ಪವೇ ಅಲ್ಲಾಡಿದ್ದು ನನಗೆ ಕಂಡಿತು. ಮಂಜು ಆ ಕಡೆಗೆ ಬೆನ್ನು ಹಾಕಿ ಕೂತಿದ್ದ. ತಿರುಗಿಯೂ ನೋಡದೆ ಮೊಬೈಲು ಪುಟ್ಟಸ್ವಾಮಿಯ ಕೈಗೆ ಕೊಟ್ಟು, ತನ್ನೊಳಗೇ ನಕ್ಕು, ಎದ್ದು ಒಳಗೆ ಹೋದ.

ಗನ್ನು, ಕುರ್ಚಿ, ಕಂಪ್ಯೂಟರು, ನನ್ನ ಕಥೆ ಕೇಳುತ್ತಿದ್ದ ಜನ, ಎಲ್ಲವನ್ನೂ ಅವನಿಗೆ ಬಿಟ್ಟುಕೊಡುತ್ತಿದ್ದೆ. ಇದೊಂದು ಮಾತ್ರ ತಡೆದುಕೊಳ್ಳಲಾಗಲಿಲ್ಲ. ನನ್ನ ಹೆಂಡತಿ ಜಯಮ್ಮ ಮದುವೆಯಾಗಿ ಬಂದಾಗ ಅವಳ ಮಾತು ಒಲೆ ದಾಟಿ ಆಚೆ ಬರುತ್ತಿರಲಿಲ್ಲ. ನನಗೋಸ್ಕರ ಕೂಗಿ ಕೂಗಿ ಈಗ ಅವಳ ಗಂಟಲು ಒಡೆದಿದೆ. ನಮ್ಮ ಮನೆಯಲ್ಲಿ ಉಪ್ಪು ಮುಗಿದರೂ ಇಡೀ ಬೀದಿಗೆ ಗೊತ್ತಾಗುತ್ತದೆ. ಊರಿನವರು ಅವಳನ್ನು ಗಟ್ಟಿಗಿತ್ತಿ ಅನ್ನುತ್ತಾರೆ. ಅವಳು ಹಾಗಿರಲಿಲ್ಲ.

ಮನೆಗೆ ಬಂದೆ. ಜಯಮ್ಮ ಹಿತ್ತಿಲ ಕಟ್ಟೆಯ ಮೇಲೆ ಅವರೆಕಾಯಿ ಬಿಡಿಸುತ್ತಿದ್ದಳು. ಪಕ್ಕದಲ್ಲಿ ಕೂತು, ಒಂದು ಸಲ ಮೊದಲಿನ ಹಾಗೆ ಮೆತ್ತಗೆ ಏನಾದರೂ ಹೇಳು ಎಂದೆ. ನನ್ನ ಮುಖವನ್ನೇ ನೋಡಿದಳು. ಗದರುತ್ತಾಳೆ ಅಂದುಕೊಂಡೆ, ಗದರಲಿಲ್ಲ. ಮೊರ ಪಕ್ಕಕ್ಕಿಟ್ಟು, ಸೆರಗಿನಲ್ಲಿ ಕೈ ಒರೆಸಿಕೊಂಡು, ಬಲಗಿವಿಯ ಹತ್ತಿರ ಬಾಯಿ ತಂದಳು. ಉಸಿರು ಬೆಚ್ಚಗೆ ತಾಗಿತು. ಒಂದೆರಡು ಮಾತಲ್ಲ, ಬಹಳ ಹೊತ್ತು ಹೇಳಿದಳು. ನಾನು ಹೂಂ, ಹೂಂ ಎನ್ನುತ್ತ ತಲೆಯಾಡಿಸಿದೆ.

"ನಾನ್ ಏನಂದೆ ಯೋಳಿ ನೋಡವ" ಎಂದಳು, ಈಗ ಬೀದಿಗೆಲ್ಲ ಕೇಳುವಂತೆ.

 ಇನ್ನೊಂದು ಸಲ ಹೇಳು, ಸ್ವಲ್ಪ ಗಟ್ಟಿಯಾಗಿ ಎಂದು ಕೇಳಿದೆ.

"ಬುಡಿ" ಎಂದಳು ಮೊರ ಎತ್ತಿಕೊಂಡು. "ಗಟ್ಟಿಯಾಗ್ ಯೋಳೋ ಮಾತಲ್ಲ ಅದು."

ಒಳಗೆ ಹೋದಳು. ಅದೇನೆಂದು ನನಗಿನ್ನೂ ಗೊತ್ತಿಲ್ಲ. ಗೋಡೆಯ ಆಚೆ ಹಿತ್ತಿಲಲ್ಲಿದ್ದಿದ್ದರೆ ಮಂಜುಗೆ ಕೇಳಿಸಿರುತ್ತಿತ್ತು.